ಗುಣಕ್ಕೊಂದು ಮಾತು, ಮಾತಿಗೊಂದು ತೂಕ

‘ಗುಡ್’ ಎಂಬ ಇಂಗ್ಲಿಷ್ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದನೆಯ ತರಗತಿಯ ಮಗುವಿನ ಪುಸ್ತಕದಲ್ಲಿ ಉಪಾಧ್ಯಾಯಿನಿ ಕೆಂಪು ಮಸಿಯಲ್ಲಿ ಅದನ್ನು ಬರೆದರೆ, ಮಗು ಚೀಲವನ್ನು ಕೆಳಗಿಡುವ ಮೊದಲೇ ತಾಯಿಗೆ ತೋರಿಸುತ್ತದೆ. ಇಷ್ಟು ಸಾಧುವಾದ ಮಾತೊಂದು ಒಬ್ಬ ಎಂಜಿನಿಯರರ ಬಡ್ತಿಯನ್ನು ತಡೆದು ನಿಲ್ಲಿಸಿದ ಸಂಗತಿ ಭಾರತದ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರಲ್ಲಿ ದಾಖಲಾಗಿದೆ.

ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿದ್ದ ಆ ಅಧಿಕಾರಿಯನ್ನು ಕುರಿತು 1993-94ನೆಯ ಸಾಲಿನ ಗೋಪ್ಯ ವರದಿಯಲ್ಲಿ ಮೇಲಿನವರು ‘ಗುಡ್’ ಎಂದು ಬರೆದರು. ನಿಂದೆಯ ಮಾತಲ್ಲವಾದುದರಿಂದ ಅದನ್ನು ಅವರಿಗೆ ತಿಳಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಆದರೆ ಮೇಲಿನ ಹುದ್ದೆಗೆ ಏರಬೇಕಾದರೆ ಹಿಂದಿನ ಐದು ವರ್ಷವೂ ‘ವೆರಿ ಗುಡ್’ ಎಂಬ ಬರಹವೇ ಇರಬೇಕಾಗಿತ್ತು. ಒಂದು ವರ್ಷ ‘ವೆರಿ’ ಎಂಬುದು ಬಿಟ್ಟುಹೋದುದಕ್ಕೆ ಬಡ್ತಿಯ ಪಟ್ಟಿಯಿಂದ ಅವರ ಹೆಸರೂ ಬಿಟ್ಟುಹೋಯಿತು. 2008ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಬಂದಾಗ ಅವರು ನಿವೃತ್ತರಾಗಿದ್ದರು. ಮಾತು ಕೇಳಲು ಒಳ್ಳೆಯದಾಗಿದ್ದರೂ ಅದರಿಂದ ಒಬ್ಬನ ಬಡ್ತಿಯೇ ತಪ್ಪುವುದಾದರೆ ಅದು ಪ್ರತಿಕೂಲವಾದ ಮಾತೇ ಸರಿ. ಒಳ್ಳೆಯದಿರಲಿ ಕೆಟ್ಟದಿರಲಿ, ವರದಿಯ ಪ್ರತಿಯೊಂದು ಬರಹವನ್ನೂ ನೌಕರನಿಗೆ ತಿಳಿಸತಕ್ಕದ್ದು ಎಂದು ನ್ಯಾಯಾಲಯ ವಿಧಿಸಿತು. ಮರುವರ್ಷ ಕೇಂದ್ರ ಸರ್ಕಾರವೂ ಇಡಿಯ ವರದಿಯನ್ನು ಸಂಬಂಧಪಟ್ಟ ಅಧಿಕಾರಿಗೆ ತೋರಿಸುವ ಕ್ರಮವನ್ನು ಜಾರಿಗೆ ತಂದಿತು.

ಮನುಷ್ಯನ ಗುಣವನ್ನು ಹೇಳುವ ಇಂಗ್ಲಿಷ್ ಮಾತುಗಳನ್ನು ಕಲಿಯಹೊರಟವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು. ಮೇಜು, ಕುರ್ಚಿ, ಮರ, ಮೋಡ ಮೊದಲಾದವುಗಳ ಹೆಸರನ್ನು ತಪ್ಪಾಗಿ ಹೇಳಿದರೆ ಕೇಳಿದವರು ನಕ್ಕು ತಿದ್ದುತ್ತಾರೆ. ಮನುಷ್ಯನಿಗೆ ಹಚ್ಚಿದ ಮಾತನ್ನು ತಿದ್ದುವವರು ಕಡಮೆ. ಏಕೆಂದರೆ ಆ ಮಾತನ್ನು ಆಡುವ ಹೊತ್ತಿಗೆ ಆ ಮನುಷ್ಯ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಶಿಫಾರಸು ಪತ್ರ, ನಡತೆಯ ಪ್ರಮಾಣಪತ್ರ, ಕಚೇರಿಯ ವರದಿ, ಗಂಡುಹೆಣ್ಣಿನ ಸಂಬಂಧ ಕೂಡಿಸುವ ಕಾಗದ, ಇವೆಲ್ಲ ಎದುರಿಗಿಲ್ಲದವರನ್ನು ಕುರಿತು ಬರೆಯುವಂಥವು. ಭಾರತದ ಪಟ್ಟಣಗಳಲ್ಲಿ ಇವುಗಳಲ್ಲಿ ಎಷ್ಟೋ ಇಂದಿಗೂ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ.

ಕಲಿಯುವ ಹಂಬಲಕ್ಕೇನೂ ಕೊರತೆಯಿಲ್ಲ. ಅಮೆರಿಕದ ನಾರ್ಮನ್ ಲೂಯಿಸ್ ಎಂಬುವರು 1949ರಲ್ಲಿ ಪ್ರಕಟಿಸಿದ ‘ವರ್ಡ್ ಪವರ್ ಮೇಡ್ ಈಸಿ’ ಎಂಬ ಪುಸ್ತಕ ಎಪ್ಪತ್ತೈದು ವರ್ಷ ಕಳೆದ ಮೇಲೂ ಈ ದೇಶದ ಪುಸ್ತಕದಂಗಡಿಗಳಲ್ಲಿ, ಕಾಲುದಾರಿಯ ಮೇಲೆ ಹರಡಿದ ಅಗ್ಗದ ಪ್ರತಿಗಳಲ್ಲಿ, ಎಡೆಬಿಡದೆ ಮಾರಾಟವಾಗುತ್ತಿದೆ. ಅದರ ಮೊದಲ ಪಾಠವೇ ಮನುಷ್ಯಸ್ವಭಾವದ ಬಗೆಗಳನ್ನು ಕುರಿತದ್ದು. ತನ್ನ ಲಾಭವನ್ನೇ ನೋಡುವ ‘ಈಗೊಯಿಸ್ಟ್’, ಪರರ ಹಿತವನ್ನು ಬಯಸುವ ‘ಆಲ್ಟ್ರುಯಿಸ್ಟ್’, ಅಂತರ್ಮುಖಿಯಾದ ‘ಇಂಟ್ರೋವರ್ಟ್’, ಮನುಷ್ಯಕುಲವನ್ನೇ ದ್ವೇಷಿಸುವ ‘ಮಿಸಾಂತ್ರೋಪ್’, ಹೀಗೆ ಒಬ್ಬೊಬ್ಬರೂ ನಾಟಕದ ಪಾತ್ರಗಳಂತೆ ಬಂದು ನಿಲ್ಲುತ್ತಾರೆ. ಅದಕ್ಕೂ ಮೊದಲು, 1945ರಿಂದ, ‘ರೀಡರ್ಸ್ ಡೈಜೆಸ್ಟ್’ ಮಾಸಪತ್ರಿಕೆಯಲ್ಲಿ ವಿಲ್ಫ್ರೆಡ್ ಫಂಕ್ ಎಂಬುವರು ಪದಸಂಪತ್ತನ್ನು ಬೆಳೆಸುವ ಅಂಕಣವನ್ನು ನಡೆಸುತ್ತಿದ್ದರು. ಮನೆಮಂದಿಯೆಲ್ಲ ಕುಳಿತು ಅದರ ಉತ್ತರಗಳನ್ನು ಊಹಿಸಿ ಅಂಕ ಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಈ ಬಗೆಯ ಪುಸ್ತಕಗಳು ಉಪಯುಕ್ತವಾದವು. ಅವುಗಳನ್ನು ಓದುವ ಕ್ರಮದಲ್ಲಿ ಮಾತ್ರ ಒಂದು ಅಪಾಯವಿದೆ. ಪರೀಕ್ಷೆಯೊ ಸಂದರ್ಶನವೊ ಹತ್ತಿರ ಬಂದಾಗ ತರುಣರು ದಿನಕ್ಕೆ ಇಪ್ಪತ್ತು ಪದಗಳಂತೆ ಉರುಹೊಡೆಯುತ್ತಾರೆ. ಎಣಿಕೆ ಬೆಳೆಯುತ್ತದೆ, ಆದರೆ ಎಣಿಕೆಯಿಂದ ಈ ಸಾಗರದ ದಡವನ್ನು ಮುಟ್ಟಲು ಸಾಧ್ಯವಿಲ್ಲ. ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ 1884ರಲ್ಲಿ ಪದಕೋಶವೊಂದರ ಪುಟಗಳನ್ನು ತಿರುವಿ, ಸ್ವಭಾವವನ್ನು ಸೂಚಿಸುವ ಪದಗಳೇ ಸಾವಿರದಷ್ಟು ಇರಬಹುದೆಂದು ಅಂದಾಜು ಮಾಡಿದ. 1936ರಲ್ಲಿ ಅಮೆರಿಕದ ಗಾರ್ಡನ್ ಆಲ್‌ಪೋರ್ಟ್, ಹೆನ್ರಿ ಆಡ್ಬರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವೆಬ್‌ಸ್ಟರ್ ಮಹಾಕೋಶವನ್ನು ಸೋಸಿ ನೋಡಿದಾಗ ಸಿಕ್ಕಿದ ಪದಗಳು 17,953! ಇವುಗಳಲ್ಲಿ ಗಳಿಗೆಯ ಮನಃಸ್ಥಿತಿಯನ್ನು ಹೇಳುವಂಥವು, ಬರಿಯ ಹೊಗಳಿಕೆ ತೆಗಳಿಕೆಗಳು ಮುಂತಾದುವನ್ನು ತೆಗೆದು, ಮನುಷ್ಯನಲ್ಲಿ ನೆಲೆಯಾಗಿ ನಿಂತ ಗುಣಗಳನ್ನು ಮಾತ್ರ ಬೇರೆ ಮಾಡಿದರೂ ನಾಲ್ಕೂವರೆ ಸಾವಿರ ಉಳಿದವು. ದಿನಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಇಡಿಯ ಪಟ್ಟಿಯನ್ನು ಕಲಿಯಹೊರಟವನಿಗೆ ಎರಡೂವರೆ ವರ್ಷ ಬೇಕಾದೀತು. ಅಷ್ಟರಲ್ಲಿ ಮೊದಲನೆಯ ವಾರದವು ಮರೆತಿರುತ್ತವೆ. ಚೆನ್ನಾಗಿ ತೂಗಿನೋಡಿ ಕಲಿತ ಐವತ್ತು ಪದಗಳು ಒಬ್ಬ ವಿದ್ಯಾವಂತನ ಬಾಳಿಗೆ ಸಾಕು.

ತೂಗುವುದು ಎಂದರೇನು? ಹಣದ ವಿಷಯವನ್ನೇ ತೆಗೆದುಕೊಳ್ಳಬಹುದು. ಮಧ್ಯಮ ವರ್ಗದ ಮನೆಗಳಲ್ಲಿ ಎಲ್ಲರಿಗೂ ಅನುಭವವಿರುವ ವಿಷಯ. ಬಸ್ಸಿನ ಚಾರ್ಜು ಉಳಿಯಲೆಂದು ಮಾರುಕಟ್ಟೆಗೆ ನಡೆದುಹೋಗುವ, ಬಂದ ಲಕೋಟೆಗಳನ್ನು ಬಿಚ್ಚಿ ಒಳಮಗ್ಗುಲಲ್ಲಿ ಲೆಕ್ಕ ಬರೆಯುವ ಒಬ್ಬ ಯಜಮಾನರನ್ನು ಊಹಿಸಿಕೊಳ್ಳಿ. ಅವರನ್ನು ‘ಥ್ರಿಫ್ಟಿ’ ಎಂದು ಕರೆದರೆ ಅದು ಮೆಚ್ಚುಗೆ. ಏಳಿಗೆ ಹೊಂದು ಎಂಬರ್ಥದ ‘ಥ್ರೈವ್’ ಎಂಬ ಕ್ರಿಯಾಪದದ ಬಳಗಕ್ಕೆ ಸೇರಿದ ಮಾತದು. ಉಳಿಸಿ ಬೆಳೆಸುವವರು ಎಂಬ ಧ್ವನಿ ಅದರಲ್ಲಿದೆ. ‘ಎಕನಾಮಿಕಲ್’ ಎಂದರೂ ದೋಷವಿಲ್ಲ. ‘ಎಕಾನಮಿ’ ಎಂಬುದರ ಗ್ರೀಕ್ ಮೂಲಕ್ಕೆ ಮನೆಯ ಆಡಳಿತವೆಂದೇ ಅರ್ಥ. ಕನ್ನಡದ ಹಳೆಯ ಮಾತಿನಲ್ಲಿ ಹೇಳುವುದಾದರೆ ಮನೆವಾರ್ತೆ. ‘ಫ್ರೂಗಲ್’ ಎಂದರೆ ಇನ್ನೂ ಸರಳ ಜೀವನ. ಅಂಥವರ ಊಟದಲ್ಲಿ ಅನ್ನ, ಸಾರು, ಮಜ್ಜಿಗೆಗಳಷ್ಟೇ ಇದ್ದಾವು, ಆದರೆ ಅದರಲ್ಲಿ ಅವರಿಗೆ ಅತೃಪ್ತಿಯಿಲ್ಲ. ಇಲ್ಲಿಗೆ ಹೊಗಳಿಕೆಯ ಮಗ್ಗುಲು ಮುಗಿಯಿತು. ‘ಪಾರ್ಸಿಮೋನಿಯಸ್’ ಎಂದ ಕೂಡಲೆ ತಕ್ಕಡಿ ಅತ್ತ ವಾಲುತ್ತದೆ: ಮಗಳ ಮದುವೆಯ ಚಪ್ಪರದಲ್ಲಿಯೂ ಬಾಳೆಯೆಲೆ ಎಣಿಸುವವರು. (ವಿಜ್ಞಾನಿಗಳು ಮಾತ್ರ ತಮ್ಮ ಸಿದ್ಧಾಂತ ‘ಪಾರ್ಸಿಮೋನಿಯಸ್’ ಆಗಿದೆಯೆಂದು ಹೆಮ್ಮೆಪಡುತ್ತಾರೆ, ಕಡಮೆ ಊಹೆಗಳಲ್ಲಿ ಹೆಚ್ಚು ವಿಷಯವನ್ನು ವಿವರಿಸುತ್ತದೆ ಎಂಬುದು ಅವರ ಅರ್ಥ.) ‘ಸ್ಟಿಂಜಿ’ ಎಂಬುದು ನೇರವಾದ ಬೈಗುಳಕ್ಕೆ ಹತ್ತಿರ; ಕೊಡಬೇಕಾದಲ್ಲಿಯೂ ಕೊಡದವರು, ಎಂಜಲ ಕೈಯಲ್ಲಿ ಕಾಗೆ ಓಡಿಸದವರು. ಕಟ್ಟಕಡೆಯಲ್ಲಿ ‘ಮೈಸರ್’ ನಿಂತಿದ್ದಾನೆ. ಅವನಿಗೆ ಹಣವನ್ನು ಉಳಿಸುವುದರಿಂದ ಯಾವ ಕಾರ್ಯವೂ ಆಗಬೇಕಾಗಿಲ್ಲ. ಅದು ಇದೆಯೆಂಬುದೇ ಸಾಕು.

ಈ ‘ಮೈಸರ್’ ಎಂಬುದರ ಲ್ಯಾಟಿನ್ ಮೂಲಕ್ಕೆ ಜಿಪುಣ ಎಂಬ ಅರ್ಥವೇ ಇರಲಿಲ್ಲ. ದೀನ, ದುಃಖಿ, ಕನಿಕರಕ್ಕೆ ಪಾತ್ರನಾದವ ಎಂದು ಅದರ ಅರ್ಥ. ‘ಮಿಸರಿ’, ‘ಮಿಸರಬಲ್’ ಎಂಬುವು ಅದೇ ಬೇರಿನ ಚಿಗುರುಗಳು. ಹಣವಿದ್ದೂ ದೀನನಾಗಿ ಬದುಕುವವನನ್ನು ನೋಡಿ ಇಂಗ್ಲಿಷರು ಆ ಹೆಸರನ್ನು ಅವನಿಗೆ ಇಟ್ಟರು. ಸಂಸ್ಕೃತದಲ್ಲಿ ‘ಕೃಪಣ’ ಎಂಬ ಶಬ್ದವೂ ಇದೇ ಹಾದಿಯಲ್ಲಿ ನಡೆದಿರುವುದು ಸೋಜಿಗದ ಸಂಗತಿ. ಕನಿಕರಪಡಬೇಕಾದವ, ಜಿಪುಣ, ಎರಡೂ ಅರ್ಥಗಳು ಅದಕ್ಕುಂಟು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಅರ್ಜುನ ತನ್ನಲ್ಲಿದೆಯೆಂದು ಹೇಳಿಕೊಳ್ಳುವ ಕಾರ್ಪಣ್ಯ ಜಿಪುಣತನವಲ್ಲ, ದೈನ್ಯ. ಸಾವಿರಾರು ಮೈಲಿ ದೂರದ ಎರಡು ನಾಡುಗಳಲ್ಲಿ ಜನ ಜಿಪುಣನನ್ನು ಕಂಡು ಮೊದಲು ಪಟ್ಟದ್ದು ಸಿಟ್ಟಲ್ಲ, ಮರುಕ ಎಂಬುದನ್ನು ಈ ಎರಡು ಪದಗಳು ಬಚ್ಚಿಟ್ಟುಕೊಂಡಿವೆ.

ಹಣದ ಮಾತನ್ನು ಬಿಡುವ ಮುನ್ನ ಒಂದು ಎಚ್ಚರಿಕೆ: ‘ಸ್ಪೆಂಡ್‌ಥ್ರಿಫ್ಟ್’ ಎಂಬ ಪದದಲ್ಲಿ ‘ಥ್ರಿಫ್ಟ್’ ಇರುವುದನ್ನು ನೋಡಿ ಅದನ್ನು ಮಿತವ್ಯಯಿ ಎಂದು ತಿಳಿದು ಮೋಸಹೋಗುವವರು ಬಹಳ. ಅದರ ಅರ್ಥ ತದ್ವಿರುದ್ಧ. ಕೂಡಿಟ್ಟ ‘ಥ್ರಿಫ್ಟ’ನ್ನೆಲ್ಲ ‘ಸ್ಪೆಂಡ್’ ಮಾಡಿ ಮುಗಿಸುವ ದುಂದುಗಾರ ಅವನು.

ಒಂದೇ ಗುಣಕ್ಕೆ ಹೀಗೆ ಹಲವು ಹೆಸರುಗಳಿದ್ದರೆ, ಯಾವುದನ್ನು ಆರಿಸಬೇಕೆಂಬುದು ಆ ಮನುಷ್ಯನಿಗಿಂತ ಹೆಚ್ಚಾಗಿ ಆರಿಸುವವನ ಮನಸ್ಸನ್ನು ತೋರಿಸುತ್ತದೆ. ಬರ್ಟ್ರಂಡ್ ರಸೆಲ್ ಎಂಬ ತತ್ತ್ವಜ್ಞಾನಿ 1948ರಲ್ಲಿ ಬಿ.ಬಿ.ಸಿ. ಆಕಾಶವಾಣಿಯ ಕಾರ್ಯಕ್ರಮವೊಂದರಲ್ಲಿ ಇದನ್ನು ತಮಾಷೆಯಾಗಿ ವಿವರಿಸಿದ. ದೃಢತೆ ಎಂಬ ಒಂದೇ ಗುಣವನ್ನು, ವ್ಯಾಕರಣ ಪಾಠದಲ್ಲಿ ಕ್ರಿಯಾಪದದ ರೂಪಗಳನ್ನು ಒಪ್ಪಿಸುವಂತೆ, ನಾನು, ನೀನು, ಅವನು ಎಂದು ಮೂರು ಬಗೆಯಲ್ಲಿ ಹೇಳಿತೋರಿಸಿದ. ತನ್ನಲ್ಲಿದ್ದರೆ ಸದ್ಗುಣ, ಎದುರಿಗಿರುವವನಲ್ಲಿ ಸ್ವಲ್ಪ ದೋಷ, ಎದುರಿಗಿಲ್ಲದವನಲ್ಲಿ ಶುದ್ಧ ಮೂರ್ಖತನ! ಜನಕ್ಕೆ ಅದೆಷ್ಟು ರುಚಿಸಿತೆಂದರೆ ಇಂಗ್ಲೆಂಡಿನ ವಾರಪತ್ರಿಕೆಯೊಂದು ಇಂಥ ಉದಾಹರಣೆಗಳಿಗಾಗಿ ಓದುಗರ ಸ್ಪರ್ಧೆಯನ್ನೇ ಏರ್ಪಡಿಸಿತು. ಕನ್ನಡದಲ್ಲಿಯೂ ಈ ಆಟವನ್ನು ಆಡಬಹುದು: ನನ್ನದು ಮಿತವ್ಯಯ, ನಿನ್ನದು ಬಿಗಿಮುಷ್ಟಿ, ಅವನದು ಜುಗ್ಗತನ. ಕನ್ನಡ ವ್ಯಾಕರಣಗಳಲ್ಲಿ ‘ನಾನು’ ಎಂಬುದಕ್ಕೆ ಉತ್ತಮಪುರುಷ ಎಂದು ಹೆಸರಿರುವುದು ಬೇರೆ ಕಾರಣದಿಂದ. ಆದರೂ ಇಲ್ಲಿ ಅದು ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಇಂಗ್ಲಿಷಿನಲ್ಲಿ ಈ ಸಾಲು ‘ಫರ್ಮ್’ ಎಂಬಲ್ಲಿಂದ ಹೊರಡುತ್ತದೆ. ‘ರೆಸೊಲ್ಯೂಟ್’ ಎಂದರೆ ನಿಶ್ಚಯ ಮಾಡಿ ಅದರಂತೆ ನಡೆಯುವವ. ‘ಟೆನೇಷಸ್’ ಎಂದರೆ ಹಿಡಿದುದನ್ನು ಬಿಡದವ. ಇದೂ ಬಹುಮಟ್ಟಿಗೆ ಮೆಚ್ಚುಗೆಯೇ. ‘ಸ್ಟಬ್ಬರ್ನ್’ ಎಂಬಲ್ಲಿ ಹಟ ಕಾಣಿಸಿಕೊಳ್ಳುತ್ತದೆ, ‘ಆಬ್‌ಸ್ಟಿನೇಟ್’ ಎಂಬಲ್ಲಿ ಕಾರಣ ಕೇಳಲೊಲ್ಲದ ಮೊಂಡುತನ. ಮಾತುಗಾರಿಕೆಯದೂ ಇದೇ ಕಥೆ. ‘ಎಲೊಕ್ವೆಂಟ್’ ಎಂದರೆ ವಾಗ್ಮಿ. ‘ಲೊಕ್ವೇಷಸ್’ ಎಂದರೆ ಬಹಳ ಮಾತಾಡುವವ. ‘ಗ್ಯಾರುಲಸ್’ ಎಂದರೆ ಕೆಲಸಕ್ಕೆ ಬಾರದ ವಿಷಯವನ್ನು ಮುಗಿಯದಂತೆ ಹೇಳುವವ, ವಾಚಾಳಿ. ಮಾತು ಕಡಮೆಯಿದ್ದರೆ ‘ರಿಸರ್ವ್ಡ್’. ತನ್ನ ವಿಷಯವನ್ನು ಹೊರಗೆ ಬಿಟ್ಟುಕೊಡದಿದ್ದರೆ ‘ರೆಟಿಸೆಂಟ್’. ಕೇಳಿದರೂ ಬಾಯಿ ಬಿಡದ ಬಿಗುಮಾನಿಯಾದರೆ ‘ಟ್ಯಾಸಿಟರ್ನ್’.

ಇಂಥ ನೆರೆಹೊರೆಯ ಪದಗಳನ್ನು ಒಂದೆಡೆ ಕಾಣಿಸುವ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ‘ಥಿಸಾರಸ್’ ಎಂದು ಹೆಸರು. ಅದನ್ನು ಪ್ರಸಿದ್ಧಿಗೆ ತಂದ ಪೀಟರ್ ಮಾರ್ಕ್ ರೋಜೆ ವೃತ್ತಿಯಲ್ಲಿ ವೈದ್ಯ. 1805ರ ಸುಮಾರಿಗೆ ತನ್ನ ಸ್ವಂತ ಉಪಯೋಗಕ್ಕೆಂದು ಪಟ್ಟಿಮಾಡಿಕೊಂಡಿದ್ದ ಪದಗಳನ್ನು ಬೆಳೆಸಿ 1852ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಅಚ್ಚುಹಾಕಿಸಿದ. ಅಕಾರಾದಿಯಲ್ಲದೆ ಅರ್ಥವನ್ನು ಅನುಸರಿಸಿ ಪದಗಳನ್ನು ವಿಂಗಡಿಸುವುದು ಅದರ ವಿಶೇಷ. ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ಮನೆತನದವರಿಗೆ ಇದೇನೂ ಹೊಸದಾಗಿ ಕಾಣದು. ಸ್ವರ್ಗವರ್ಗ, ಮನುಷ್ಯವರ್ಗ ಎಂದು ಅಮರಸಿಂಹ ಅದೇ ಕೆಲಸವನ್ನು ಶತಮಾನಗಳ ಹಿಂದೆಯೇ ಮಾಡಿದ್ದ. ರೋಜೆಗೂ ಈ ವಿಷಯ ತಿಳಿಯಿತು. ಕೋಲ್‌ಬ್ರೂಕನ ಅನುವಾದದೊಡನೆ 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಅಮರಕೋಶವನ್ನು ತನ್ನ ಪೀಠಿಕೆಯಲ್ಲಿ ಅವನು ಹೆಸರಿಸಿದ್ದಾನೆ. ಅದರ ವಿಂಗಡಣೆ ಮಾತ್ರ ಅವನಿಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ.

ಥಿಸಾರಸ್ಸಿನಿಂದ ನೆರೆಯವರು ಯಾರೆಂದು ತಿಳಿಯುತ್ತದೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ತಿಳಿಯುವುದಿಲ್ಲ. ‘ಥ್ರಿಫ್ಟಿ’ಯ ಪಕ್ಕದಲ್ಲಿಯೇ ‘ಸ್ಟಿಂಜಿ’ ಕುಳಿತಿದ್ದರೆ, ಹೊಸ ಪದವನ್ನು ಬಳಸುವ ಉತ್ಸಾಹದಲ್ಲಿರುವ ವಿದ್ಯಾರ್ಥಿ ಯಾವುದಕ್ಕೆ ಕೈಹಾಕುವನೋ ಹೇಳಲಾಗದು. ಇಲ್ಲಿ ನೆರವಾಗುವುದು ಕಲಿಯುವವರಿಗಾಗಿಯೇ ಸಿದ್ಧವಾದ ನಿಘಂಟುಗಳು. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಉಪಾಧ್ಯಾಯರು ಜಪಾನಿನಲ್ಲಿ ಪಾಠ ಹೇಳುತ್ತಿದ್ದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರ ಕಷ್ಟವನ್ನು ಕಂಡು ಸಂಗಡಿಗರೊಡನೆ ರಚಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾಯಿತು. ಆಕ್ಸ್‌ಫರ್ಡ್ ಮುದ್ರಣಾಲಯದವರು 1948ರಲ್ಲಿ ಅದನ್ನು ಕೈಗೆತ್ತಿಕೊಂಡರು. ಅದರ ಈಚಿನ ಆವೃತ್ತಿಗಳಲ್ಲಿ ಇಂಥ ಪದಗಳ ಪಕ್ಕದಲ್ಲಿ ಅವು ಮೆಚ್ಚುಗೆಯವೊ ಅಸಮ್ಮತಿಯವೊ ಎಂದು ಸಣ್ಣ ಅಕ್ಷರಗಳಲ್ಲಿ ಸೂಚನೆಯಿರುತ್ತದೆ. ಅರ್ಥವನ್ನು ಓದಿ ಪುಟ ಮಗುಚುವವರು ಬಹಳ. ಆ ಸಣ್ಣ ಅಕ್ಷರವನ್ನು ಓದುವವರು ಸ್ವಲ್ಪ. ಶಿಫಾರಸು ಪತ್ರ ಬರೆಯುವವರಿಗೆ ಇಡಿಯ ನಿಘಂಟಿನಲ್ಲಿ ಅದಕ್ಕಿಂತ ಬೆಲೆಯುಳ್ಳ ಅಕ್ಷರಗಳಿಲ್ಲ.

ಪದಗಳ ಬೇರುಗಳನ್ನು ಅಗೆದು ನೋಡಿದರೆ ನೆನಪು ಗಟ್ಟಿಯಾಗುತ್ತದೆಂಬುದು ನಿಜ, ಮತ್ತು ಭಾರತೀಯರಿಗೆ ಈ ಅಗೆತದಲ್ಲಿ ವಿಶೇಷವಾದ ಸ್ವಾರಸ್ಯವಿದೆ. ಪ್ರಾಚೀನ ಗ್ರೀಕರು ಶರೀರದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆಯೆಂದೂ ಅವುಗಳ ಏರುಪೇರಿನಿಂದ ಸ್ವಭಾವ ಬದಲಾಗುತ್ತದೆಂದೂ ನಂಬಿದ್ದರು. ಆ ವೈದ್ಯ ಇಂದು ಉಳಿದಿಲ್ಲ, ಮಾತುಗಳು ಉಳಿದಿವೆ. ರಕ್ತ ಹೆಚ್ಚಿದವ ‘ಸ್ಯಾಂಗ್ವಿನ್’, ಸದಾ ಆಶಾವಾದಿ. ಕಫ ಹೆಚ್ಚಿದವ ‘ಫ್ಲೆಗ್ಮ್ಯಾಟಿಕ್’, ಮನೆಗೆ ಬೆಂಕಿ ಬಿದ್ದರೂ ನಿಧಾನವಾಗಿ ಚಪ್ಪಲಿ ಮೆಟ್ಟುವವ. ಹಳದಿ ಪಿತ್ತದವ ‘ಕಾಲರಿಕ್’, ಮುಂಗೋಪಿ. ಕಪ್ಪು ಪಿತ್ತದವ ‘ಮೆಲಂಕಲಿಕ್’, ವಿಷಣ್ಣ. ವಾತ, ಪಿತ್ತ, ಕಫಗಳ ಪ್ರಕೃತಿಭೇದವನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವರಿಗೆ, ಕೋಪ ಬಂದವನಿಗೆ ಪಿತ್ತ ನೆತ್ತಿಗೇರಿತೆಂದು ಹೇಳುವವರಿಗೆ, ‘ಕಾಲರಿಕ್’ ಎಂಬುದನ್ನು ಉರುಹೊಡೆಯುವ ಅಗತ್ಯವಾದರೂ ಏನು?

ಗ್ರಹಗಳ ವಿಷಯವೂ ಹೀಗೆಯೇ. ರೋಮನರ ಜೋವ್ ಎಂಬ ದೇವತೆಯ ಗ್ರಹ ಭಾರತೀಯರ ಗುರು. ಅದರಿಂದ ಬಂದದ್ದು ‘ಜೋವಿಯಲ್’, ನಗೆಮೊಗದ ಸ್ವಭಾವ. ಶನಿಗ್ರಹದಿಂದ ‘ಸ್ಯಾಟರ್ನೈನ್’, ಗಂಟುಮುಖದವ. ಬುಧನಿಂದ ‘ಮರ್ಕ್ಯೂರಿಯಲ್’, ಗಳಿಗೆಗೊಂದು ಬಣ್ಣದವ. ಆದರೆ ಜಾತಕ ನೋಡುವವರು ಇಲ್ಲಿ ಅವಸರ ಪಡಬಾರದು. ಭಾರತದಲ್ಲಿ ಗುರುವಿನದು ಉಪಾಧ್ಯಾಯನ ಗಾಂಭೀರ್ಯ, ರೋಮಿನಲ್ಲಿ ಔತಣದ ಸಂತೋಷ. ಗ್ರಹ ಒಂದೇ ಆದರೂ ಪದದ ಗುಣ ಬೇರೆ.

ಲ್ಯಾಟಿನ್ ಬೇರುಗಳಲ್ಲಿ ‘ಅನಿಮಸ್’ ಎಂಬುದನ್ನು ಕಲಿತರೆ ಹಲವು ಬೀಗಗಳು ತೆರೆಯುತ್ತವೆ. ಮನಸ್ಸು, ಚೇತನ ಎಂದು ಅದರ ಅರ್ಥ. ‘ಮ್ಯಾಗ್ನಸ್’ ಎಂದರೆ ದೊಡ್ಡದು. ಎರಡೂ ಸೇರಿ ‘ಮ್ಯಾಗ್ನಾನಿಮಸ್’, ತನಗೆ ಕೇಡು ಮಾಡಿದವರನ್ನೂ ಕ್ಷಮಿಸುವ ಉದಾರಿ. ಅಕ್ಷರಕ್ಷರ ಕನ್ನಡಿಸಿದರೆ ಮಹಾತ್ಮ. ಈ ‘ಮ್ಯಾಗ್ನಸ್’ ಎಂಬುದೂ ಸಂಸ್ಕೃತದ ‘ಮಹತ್’ ಎಂಬುದೂ ಒಂದೇ ಮೂಲದ ದಾಯಾದಿಗಳೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ‘ಅನಿಮಸ್’ ಎಂಬುದಕ್ಕೂ, ಪ್ರಾಣ, ಅನಿಲ ಎಂಬ ಪದಗಳಲ್ಲಿ ಉಸಿರಾಡುವ ಧಾತುವಿಗೂ ಅದೇ ಬಗೆಯ ನಂಟು. ಇದರ ವಿರುದ್ಧಪದ ‘ಪ್ಯೂಸಿಲ್ಯಾನಿಮಸ್’: ಮನಸ್ಸು ತೀರ ಪುಟ್ಟದಾದವ, ಪುಕ್ಕಲ. ಉಚ್ಚಾರಣೆಗೆ ನಾಲಿಗೆ ತೊಡರುವ ಈ ಮಾತನ್ನು ದಿನಬಳಕೆಗೆ ತರದಿರುವುದು ಲೇಸು. ‘ಸೂಪರ್ಸಿಲಿಯಸ್’ ಎಂಬ ಇನ್ನೊಂದು ಉದ್ದನೆಯ ಮಾತು ಮಾತ್ರ ಕಲಿಯತಕ್ಕದ್ದು. ಲ್ಯಾಟಿನಿನಲ್ಲಿ ಹುಬ್ಬಿಗೆ ‘ಸೂಪರ್ಸಿಲಿಯಮ್’ ಎಂದು ಹೆಸರು. ಬಡ ನೆಂಟರು ಮನೆಗೆ ಬಂದಾಗ ಒಂದು ಹುಬ್ಬನ್ನು ಮೇಲೇರಿಸಿ ನೋಡುವ ಸಿರಿವಂತರ ಚಿತ್ರವನ್ನು ಆ ಪದ ಹಾಗೆಯೇ ಹಿಡಿದಿಟ್ಟಿದೆ.

ಇಷ್ಟಾದರೂ ಬೇರನ್ನು ನಂಬಿ ಹಣ್ಣಿನ ರುಚಿಯನ್ನು ಹೇಳಲಾಗದು. ‘ಸಿಲಿ’ ಎಂಬ ಮಾತಿಗೆ ಪ್ರಾಚೀನ ಇಂಗ್ಲಿಷಿನಲ್ಲಿ ಧನ್ಯ, ಪುಣ್ಯವಂತ ಎಂಬರ್ಥವಿತ್ತು. ಧನ್ಯನಾದವನು ನಿಷ್ಕಪಟಿ, ನಿಷ್ಕಪಟಿಯಾದವನು ಪಾಪದವನು, ಪಾಪದವನು ದಡ್ಡ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅದು ಇಳಿದುಬಂತು. ‘ನೈಸ್’ ಎಂಬುದು ಅದಕ್ಕೆ ಎದುರಾಗಿ ನಡೆಯಿತು. ಅಜ್ಞಾನಿ ಎಂಬ ಅರ್ಥದಿಂದ ಹೊರಟು ಈಗ ಎಲ್ಲರೂ ಎಲ್ಲಕ್ಕೂ ಹೇಳುವ ಮೆಚ್ಚುಗೆಯಾಗಿದೆ. ಲ್ಯಾಟಿನಿನಲ್ಲಿ ಮಂದೆಯಿಂದ ಎದ್ದು ಕಾಣುವವ, ಶ್ರೇಷ್ಠ ಎಂಬ ಅರ್ಥವಿದ್ದ ‘ಎಗ್ರೀಜಿಯಸ್’ ಎಂಬುದು ಇಂದು ಘೋರವಾದ ತಪ್ಪಿಗಲ್ಲದೆ ಬಳಕೆಯಾಗದು. ಇನ್ನು ಕೆಲವು ಪದಗಳ ಪತನದಲ್ಲಿ ಸಮಾಜದ ಅನ್ಯಾಯವೇ ಅಡಗಿದೆ. ‘ವಿಲನ್’ ಎಂದರೆ ಮೊದಲು ಜಮೀನುದಾರನ ತೋಟದಲ್ಲಿ ದುಡಿಯುವ ಹಳ್ಳಿಗ. ‘ನೇವ್’ ಎಂದರೆ ಹುಡುಗ, ಆಳುಹುಡುಗ. ದುಡಿಯುವವರ ಹೆಸರುಗಳು ದುಷ್ಟರ ಹೆಸರುಗಳಾದವು. ‘ನೈಟ್’ ಎಂಬುದೂ ಮೊದಲು ಹುಡುಗನೇ. ಆದರೆ ಅವನು ಕುದುರೆಯೇರಿ ರಾಜನ ಪಕ್ಕದಲ್ಲಿದ್ದುದರಿಂದ ಅವನ ಹೆಸರಿಗೆ ವೀರನೆಂಬ ಅರ್ಥ ಬಂತು.

ಕಟ್ಟುಕಥೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ‘ಸಿನ್ಸಿಯರ್’ ಎಂಬುದು ‘ಮೇಣವಿಲ್ಲದ್ದು’ ಎಂಬ ಲ್ಯಾಟಿನ್ ಮಾತಿನಿಂದ ಬಂದಿತೆಂದೂ, ಬಿರುಕುಬಿಟ್ಟ ಶಿಲ್ಪಗಳಿಗೆ ಮೇಣ ತುಂಬಿ ಮಾರುವವರಿದ್ದರೆಂದೂ ಭಾಷಣಕಾರರು ಹೇಳುವುದುಂಟು. ಕಥೆ ಸೊಗಸಾಗಿದೆ, ನಿಘಂಟುಕಾರರು ಅದನ್ನು ಒಪ್ಪುವುದಿಲ್ಲ. ಶುದ್ಧ, ಬೆರಕೆಯಿಲ್ಲದ್ದು ಎಂಬರ್ಥದ ಲ್ಯಾಟಿನ್ ಪದವೊಂದರಿಂದ ಅದು ನೇರವಾಗಿ ಬಂದಿದೆ.

ಇನ್ನು ಉಳಿದದ್ದು ದೇಶಭೇದ, ಮತ್ತು ಗೃಹಸ್ಥರಿಗೆ ಅತ್ಯಂತ ಅವಶ್ಯವಾದದ್ದೂ ಇದೇ. ಭಾರತದ ಇಂಗ್ಲಿಷ್ ಪತ್ರಿಕೆಗಳ ವಿವಾಹ ಜಾಹೀರಾತುಗಳಲ್ಲಿ ‘ಹೋಮ್ಲಿ’ ಎಂಬ ಮಾತು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಮನೆವಾರ್ತೆ ಬಲ್ಲವಳು, ಸೌಮ್ಯಳು, ಹಿರಿಯರೊಡನೆ ಹೊಂದಿಕೊಂಡು ಹೋಗುವವಳು ಎಂಬುದು ಬರೆಯಿಸಿದ ತಂದೆತಾಯಿಯರ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಆ ಮಾತಿಗೆ ಆಡಂಬರವಿಲ್ಲದ, ಮನೆಯ ಬೆಚ್ಚನೆಯ ಹಿತವುಳ್ಳ ಎಂಬರ್ಥ, ಅಲ್ಲಿಯವರೆಗೆ ಚಿಂತೆಯಿಲ್ಲ. ಆದರೆ ಅಮೆರಿಕದಲ್ಲಿ ‘ಹೋಮ್ಲಿ’ ಎಂದರೆ ನೋಡಲು ಲಕ್ಷಣವಾಗಿಲ್ಲದವಳು! ಅಲ್ಲಿಯೇ ಹುಟ್ಟಿ ಬೆಳೆದ ವರ, ಮೈಸೂರಿನ ಮಾವನಾಗಲಿರುವವರು ಮಗಳನ್ನು ಕುರಿತು ಹೆಮ್ಮೆಯಿಂದ ಬರೆದ ಪತ್ರದ ಮೊದಲನೆಯ ಸಾಲಿನಲ್ಲಿಯೇ ಈ ಮಾತನ್ನು ಕಂಡರೆ ಏನೆಂದುಕೊಳ್ಳಬೇಕು? ‘ವಾರ್ಮ್-ಹಾರ್ಟೆಡ್’ ಎಂದು ಬರೆದರೆ ಯಾವ ದೇಶದಲ್ಲಿಯೂ ತೊಂದರೆ ಬರದು.

‘ಸಿಂಪಲ್’ ಎಂಬುದು ಇನ್ನೂ ನವುರಾದ ಬಲೆ. ದೊಡ್ಡ ಹುದ್ದೆಯಲ್ಲಿದ್ದೂ ಸೈಕಲ್ಲಿನ ಮೇಲೆ ಓಡಾಡುವವರನ್ನು ಕಂಡು ‘ಅವರು ಬಹಳ ಸಿಂಪಲ್’ ಎಂದು ಕನ್ನಡಿಗರು ಕೈಮುಗಿಯುತ್ತಾರೆ. ಇಂಗ್ಲಿಷರಲ್ಲಿ ಒಬ್ಬನನ್ನು ಸ್ವಲ್ಪ ‘ಸಿಂಪಲ್’ ಎಂದರೆ ಬುದ್ಧಿ ಸಾಲದವ ಎಂದು ತಿಳಿದಾರು. ಅಲ್ಲಿ ಒಪ್ಪುವ ಮಾತು ‘ಅನ್‌ಅಸ್ಯೂಮಿಂಗ್’, ಅಂದರೆ ತನ್ನ ದೊಡ್ಡತನವನ್ನು ಮುಂದೊಡ್ಡದವರು. ಕರ್ತವ್ಯನಿಷ್ಠನನ್ನು ‘ಅಫಿಷಸ್’ ಎಂದು ಹೊಗಳುವವರು ಇನ್ನೂ ದೊಡ್ಡ ಅಪಚಾರ ಮಾಡುತ್ತಾರೆ. ಕರ್ತವ್ಯವೆಂಬ ಅರ್ಥದ ಲ್ಯಾಟಿನ್ ಪದದಿಂದಲೇ ಅದು ಹುಟ್ಟಿದ್ದು ನಿಜ. ಉಪಕಾರಶೀಲ ಎಂಬ ಅರ್ಥವೂ ಒಮ್ಮೆ ಇತ್ತು. ಈಗ ಅದು, ಕರೆಯದಿದ್ದರೂ ಬಂದು ಮೂಗು ತೂರಿಸಿ ಅಧಿಕಾರ ಚಲಾಯಿಸುವವನ ಹೆಸರು. ನಿಷ್ಕಪಟಿಯಾದ ‘ಇಂಜೆನ್ಯುಅಸ್’ ಬೇರೆ, ಚತುರನಾದ ‘ಇಂಜೀನಿಯಸ್’ ಬೇರೆ. ಮಗುವಿನಂತೆ ನಿರ್ಮಲನಾದ ‘ಚೈಲ್ಡ್‌ಲೈಕ್’ ಬೇರೆ, ಬೆಳೆದರೂ ಹುಡುಗಾಟ ಬಿಡದ ‘ಚೈಲ್ಡಿಷ್’ ಬೇರೆ. ಒಂದೊಂದು ಅಕ್ಷರದ ಅಂತರದಲ್ಲಿ ಉದ್ಯೋಗಾಕಾಂಕ್ಷಿಯೊಬ್ಬನ ಮಾನ ನಿಂತಿರುತ್ತದೆ.

ಅಭ್ಯಾಸಕ್ಕೆ ದೊಡ್ಡ ಏರ್ಪಾಡು ಬೇಕಾಗಿಲ್ಲ. ಮನೆಯಲ್ಲಿ ಎಲ್ಲರೂ ಓದುವ ಧಾರಾವಾಹಿಯೊಂದಿದ್ದರೆ ಸಾಕು. ಅದರ ಒಂದು ಪಾತ್ರವನ್ನು ಆರಿಸಿಕೊಂಡು, ಅದರ ಒಂದೇ ಗುಣಕ್ಕೆ ಮೂರು ಪದಗಳನ್ನು ಬರೆಯಬೇಕು: ಆ ಪಾತ್ರವೇ ತನ್ನ ವಿಷಯದಲ್ಲಿ ಹೇಳಿಕೊಳ್ಳಬಹುದಾದದ್ದು, ಅದರ ಸ್ನೇಹಿತರು ಹೇಳಬಹುದಾದದ್ದು, ಅದರ ಶತ್ರುಗಳು ಹೇಳಬಹುದಾದದ್ದು. ಬರೆದ ಮೇಲೆ ನಿಘಂಟನ್ನು ತೆರೆದು ಆ ಸಣ್ಣ ಅಕ್ಷರಗಳನ್ನು ನೋಡಬೇಕು. ಕೊನೆಗೆ, ಸ್ವತಃ ಕಥೆಗಾರರು ಯಾವ ಮಾತನ್ನು ಬಳಸಿಯಾರೆಂದು ಚರ್ಚಿಸಬೇಕು. ಈ ಚರ್ಚೆ ಬೇಗ ಮುಗಿಯುವುದಿಲ್ಲ. ಅತ್ತೆಯವರಿಗೆ ‘ಫರ್ಮ್’ ಎಂದು ಕಂಡ ನಾಯಕಿ ಸೊಸೆಗೆ ‘ಆಬ್‌ಸ್ಟಿನೇಟ್’ ಎಂದು ಕಾಣುವುದುಂಟು. ಮಾವನವರು ಪತ್ರಿಕೆಯಿಂದ ತಲೆಯೆತ್ತದೆ ‘ರಿಸರ್ವ್ಡ್’ ಆಗಿ ಉಳಿಯುವುದೂ ಉಂಟು.